ಪುಂಡನ ಕಥೆಗೆ ಎರಡು ತೀರ್ಪು

ಅರಸೀಕೆರೆ ತಾಲ್ಲೂಕಿನ ಗಂಡಸಿಯಂಥ ಹೋಬಳಿ ಊರಿನವರಿಗೆ 1995ರಲ್ಲಿ ಹೊಸ ಸಿನಿಮಾ ನೋಡುವುದೆಂದರೆ ಸಾಮಾನ್ಯವಾಗಿ ಬಸ್ಸು ಹತ್ತುವ ಮಾತು. ಅರಸೀಕೆರೆಗೋ ಹಾಸನಕ್ಕೋ ಹೋಗಿ ನೋಡಿ ಬಂದವರು ಕಥೆ ಹೇಳಬೇಕು, ಉಳಿದವರು ಕೇಳಬೇಕು. ಆ ವರ್ಷದ ಮೇ ತಿಂಗಳಲ್ಲಿ ತೆರೆಕಂಡ ‘ಓಂ’ ಚಿತ್ರದ ಕಥೆ ಹಾಗೆ ಬಾಯಿಂದ ಬಾಯಿಗೆ ಹರಡಿದ್ದು ಕರ್ನಾಟಕದ ಉದ್ದಗಲಕ್ಕೂ. ಚಿತ್ರದ ಜೊತೆಗೇ ಹರಡಿದ ಇನ್ನೊಂದು ಸಂಗತಿ ಅದರ ಬಗೆಗಿನ ಜಗಳ. ‘ಇಂಥ ಸಿನಿಮಾ ಇನ್ನೊಂದಿಲ್ಲ’ ಎಂದವರು ಒಂದು ಕಡೆ, ‘ಇಂಥ ಸಿನಿಮಾ ಬರಲೇಬಾರದಿತ್ತು’ ಎಂದವರು ಇನ್ನೊಂದು ಕಡೆ. ಮೂವತ್ತು ವರ್ಷಗಳಾದರೂ ಆ ಜಗಳ ಪೂರ್ತಿ ಮುಗಿದಿಲ್ಲ.

ಅದಕ್ಕೆ ಕಾರಣಗಳಿದ್ದವು. ಚಿತ್ರವನ್ನು ನಿರ್ಮಿಸಿದ್ದು ಪಾರ್ವತಮ್ಮ ರಾಜ್‌ಕುಮಾರ್. ತೆರೆಯ ಮೇಲೆ ಕುಡಿಯದ, ಸಿಗರೇಟು ಸೇದದ ನಾಯಕನೆಂದು ಹೆಸರಾದ ರಾಜ್‌ಕುಮಾರ್ ಅವರ ಮನೆಯ ಚಿತ್ರವೆಂದರೆ ಸಂಸಾರಸಮೇತ ನೋಡುವಂಥದ್ದು ಎಂಬ ನಂಬಿಕೆ ಇತ್ತು. ಆ ಮನೆಯ ಹಿರಿಯ ಮಗ ಶಿವರಾಜ್‌ಕುಮಾರ್ ಕೈಗೆ ನಿರ್ದೇಶಕ ಉಪೇಂದ್ರ ಲಾಂಗು ಕೊಟ್ಟರು. ಅರ್ಚಕರ ಮಗನೊಬ್ಬ ಪ್ರೀತಿಯ ಹಾದಿಯಲ್ಲಿ ಎಡವಿ ಬೆಂಗಳೂರಿನ ರೌಡಿಯಾಗುವ ಕಥೆ ಅದು. ಸಾಲದ್ದಕ್ಕೆ, ಬೆಂಗಳೂರಿನ ಭೂಗತ ಲೋಕದಲ್ಲಿ ನಿಜವಾಗಿಯೂ ಹೆಸರು ಮಾಡಿದ್ದ ಕೆಲವರು ಚಿತ್ರದಲ್ಲಿ ಕಾಣಿಸಿಕೊಂಡರು.

ಬೆಂಗಳೂರಿಗೆ ಆಗ ಈ ಲೋಕ ಹೊಸದಾಗಿರಲಿಲ್ಲ. ಕೊತ್ವಾಲ್ ರಾಮಚಂದ್ರ 1986ರಲ್ಲಿ, ಎಂ.ಪಿ. ಜಯರಾಜ್ 1989ರಲ್ಲಿ ಕೊಲೆಯಾದದ್ದನ್ನು ನಾಡು ಪತ್ರಿಕೆಗಳಲ್ಲಿ ಓದಿತ್ತು. ಓದಿದ್ದನ್ನು ಹಾಡು, ಪ್ರೇಮ, ತಾಯ್ತಂದೆಯರ ಕಣ್ಣೀರಿನೊಂದಿಗೆ ತೆರೆಯ ಮೇಲೆ ಕಂಡಾಗ ಜನ ಮುಗಿಬಿದ್ದರು. ಶಿವರಾಜ್‌ಕುಮಾರ್ ಮತ್ತು ನಾಯಕಿ ಪ್ರೇಮಾ ಇಬ್ಬರಿಗೂ ರಾಜ್ಯ ಪ್ರಶಸ್ತಿ ಬಂತು. ಚಿತ್ರ ಮತ್ತೆ ಮತ್ತೆ ಮರುಬಿಡುಗಡೆಯಾಯಿತು. 500ಕ್ಕೂ ಹೆಚ್ಚು ಬಾರಿ ಎಂಬ ಲೆಕ್ಕ ಈಗಲೂ ಪ್ರಚಾರದಲ್ಲಿದೆ. ಟೀವಿಯಲ್ಲಿ ಅದು ಪ್ರಸಾರವಾದದ್ದು 2015ರಲ್ಲಷ್ಟೆ.

ಎರಡು ವಾದಗಳು

ಮೆಚ್ಚಿದವರ ವಾದ ಸರಳವಾದದ್ದು. ಇದು ರೌಡಿಸಂ ಕಲಿಸುವ ಚಿತ್ರವಲ್ಲ, ಅದರಿಂದ ಆಗುವ ಹಾಳನ್ನು ತೋರಿಸುವ ಚಿತ್ರ. ಹುಟ್ಟುತ್ತಲೇ ಯಾರೂ ಕೆಟ್ಟವರಲ್ಲ. ಅವರು ಹೇಗೆ ಕೆಟ್ಟರೆಂಬುದನ್ನು ಕೇಳಿಸಿಕೊಳ್ಳಬೇಕು. ಮಚ್ಚು ಹಿಡಿದ ಮಗನಿಗಿಂತ ಮನೆಯಲ್ಲಿ ಕಾಯುವ ತಂದೆತಾಯಿಯೇ ಚಿತ್ರದ ಹೃದಯ ಎನ್ನುತ್ತಾರೆ ಅವರು.

ಒಪ್ಪದವರು ಕೇಳುವುದು ಬೇರೆಯೇ ಪ್ರಶ್ನೆ. ಎರಡು ಗಂಟೆಗೂ ಹೆಚ್ಚು ಕಾಲ ಲಾಂಗಿನ ಠೀವಿ ತೋರಿಸಿ ಕೊನೆಯ ಹತ್ತು ನಿಮಿಷ ನೀತಿ ಹೇಳಿದರೆ ಹುಡುಗರು ಮನೆಗೆ ಒಯ್ಯುವುದು ಯಾವುದನ್ನು? ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದದ್ದು ಯಾವುದಕ್ಕೆ? ‘ಓಂ’ ನಂತರ ಕನ್ನಡದಲ್ಲಿ ಸಾಲುಸಾಲಾಗಿ ಬಂದ ಮಚ್ಚು-ಲಾಂಗಿನ ಚಿತ್ರಗಳನ್ನು ಅವರು ಸಾಕ್ಷಿಯಾಗಿ ತೋರಿಸುತ್ತಾರೆ. ಇನ್ನೊಂದು ಆಕ್ಷೇಪ ನಾಯಕಿಯನ್ನು ಕುರಿತದ್ದು. ನಾಯಕ ಆಕೆಯನ್ನು ಬೆದರಿಸಿ, ತನ್ನನ್ನು ಪ್ರೀತಿಸಲೇಬೇಕೆಂದು ಪಟ್ಟು ಹಿಡಿಯುತ್ತಾನೆ. ಕಥೆ ಮುಂದುವರಿದಂತೆ ಆಕೆ ಅವನ ಪರವೇ ಆಗುತ್ತಾಳೆ. ಕಾಲೇಜಿನ ದಾರಿಯಲ್ಲಿ ಹುಡುಗಿಯರ ಹಿಂದೆ ಬೀಳುವ ಹುಡುಗನಿಗೆ ಇದರಿಂದ ಸಿಗುವ ಪಾಠವೇನು?

ಫ್ರಾನ್ಸಿನಲ್ಲೂ ಇದೇ ಜಗಳ

ಈ ವಾದವಿವಾದ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ‘ಓಂ’ಗೆ 21 ವರ್ಷ ಮೊದಲು, 1974ರಲ್ಲಿ, ಫ್ರಾನ್ಸಿನಲ್ಲಿ ‘ಲೆ ವಾಲ್ಸೂಜ್’ ಎಂಬ ಚಿತ್ರ ಬಂತು. ಬರ್ತ್ರಾಂ ಬ್ಲಿಯೇ ತಮ್ಮದೇ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ಚಿತ್ರ. ಅದರ ಹೆಸರೇ ಬೀದಿಮಾತಿನ ಒಂದು ಅಶ್ಲೀಲ ಪದ. ಕೆಲಸವಿಲ್ಲದ ಇಬ್ಬರು ಪೋಲಿಗಳು ಕಾರು ಕದಿಯುತ್ತಾರೆ, ಪರ್ಸು ಕಸಿಯುತ್ತಾರೆ, ಹೆಂಗಸರನ್ನು ಕಾಡುತ್ತಾರೆ, ಊರೂರು ಅಲೆಯುತ್ತಾರೆ. ಇದೆಲ್ಲವನ್ನೂ ಚಿತ್ರ ನಗುನಗುತ್ತಾ ಹೇಳುತ್ತದೆ. ಜೆರಾರ್ ದೆಪಾರ್ದ್ಯು, ಪಾತ್ರಿಕ್ ದೆವೇರ್ ಮತ್ತು ನಟಿ ಮಿಯೂ-ಮಿಯೂ ಈ ಒಂದೇ ಚಿತ್ರದಿಂದ ತಾರೆಯರಾದರು. ಫ್ರಾನ್ಸಿನಲ್ಲಿ 50 ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳು ಮಾರಾಟವಾದವು.

ಅಲ್ಲಿಯೂ ಅಭಿಪ್ರಾಯ ಎರಡು ಹೋಳಾಯಿತು. ಮಡಿವಂತ ಸಮಾಜದ ಮುಖಕ್ಕೆ ಹಿಡಿದ ಕನ್ನಡಿ ಇದು ಎಂದು ಯುವಕರು ಸಂಭ್ರಮಿಸಿದರು. ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಚಿತ್ರವನ್ನು ಮೆಚ್ಚಿ ಬರೆದರೆ, ಅದೇ ದೇಶದ ರೋಜರ್ ಈಬರ್ಟ್ ಇದು ಸ್ತ್ರೀದ್ವೇಷದ ಚಿತ್ರವೆಂದು ಕಟುವಾಗಿ ಖಂಡಿಸಿದರು. ಜಗಳದ ಕೇಂದ್ರದಲ್ಲಿದ್ದುದು ರೈಲಿನ ಒಂದು ದೃಶ್ಯ. ಮಗುವಿಗೆ ಹಾಲೂಡುತ್ತಿರುವ ತಾಯಿಯನ್ನು ಇಬ್ಬರೂ ಪೀಡಿಸುತ್ತಾರೆ. ಮೊದಲು ಹೆದರಿದ ಆಕೆ ಬರಬರುತ್ತಾ ಒಲಿದಂತೆ ತೋರಿಸಲಾಗಿದೆ. ಕಳ್ಳತನವನ್ನು ಕಂಡು ನಕ್ಕವರೂ ಇಲ್ಲಿ ಮುಖ ಸಿಂಡರಿಸಿದ್ದುಂಟು.

ಕಾಲ ಈ ಚಿತ್ರದ ಮೇಲಿನ ಬೆಳಕನ್ನೇ ಬದಲಿಸಿತು. ಹಲವು ಮಹಿಳೆಯರು ದೆಪಾರ್ದ್ಯು ವಿರುದ್ಧ ದೂರಿದರು. ಬೇರೊಂದು ಚಿತ್ರದ ಚಿತ್ರೀಕರಣದ ವೇಳೆ ಇಬ್ಬರು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಅವರನ್ನು ದೋಷಿಯೆಂದು ಹೇಳಿತು. ಅವರು ಮೇಲ್ಮನವಿಯ ದಾರಿ ಹಿಡಿದರು. ಬ್ಲಿಯೇ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. 1974ರಲ್ಲಿ ನಗು ತರಿಸಿದ್ದ ದೃಶ್ಯಗಳನ್ನು ಇಂದಿನ ಪ್ರೇಕ್ಷಕ ಹಾಗೆಯೇ ನೋಡಲಾರ.

ಹಳೇಬೀಡಿನ ಕವಿಯ ಉತ್ತರ

ಹಾಗಾದರೆ ಕೆಟ್ಟವನನ್ನು ಕಥಾನಾಯಕನನ್ನಾಗಿ ಮಾಡುವುದೇ ತಪ್ಪೇ? ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನೆಂಬ ಕಳ್ಳ ಗೋಡೆಗೆ ಎಂಥ ಆಕಾರದ ಕನ್ನ ಕೊರೆದರೆ ಚೆಂದ ಎಂದು ಯೋಚಿಸುವುದನ್ನು ಕಂಡು ಸಂಸ್ಕೃತ ಬಲ್ಲವರು ಶತಮಾನಗಳಿಂದ ನಕ್ಕಿದ್ದಾರೆ. ಕನ್ನಡದ ‘ವಡ್ಡಾರಾಧನೆ’ಯಲ್ಲಿ ಕಳ್ಳ ವಿದ್ಯುಚ್ಚೋರ ಕೊನೆಗೆ ಋಷಿಯಾಗುತ್ತಾನೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಗಂಡಸಿ ಇರುವ ಜಿಲ್ಲೆಯಲ್ಲೇ ಇರುವ ಹಳೇಬೀಡನ್ನು ನೆನೆಯಬೇಕು. ದೋರಸಮುದ್ರವೆಂಬ ಹೆಸರಿನ ಆ ಹೊಯ್ಸಳ ರಾಜಧಾನಿಯಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ 1230ರಲ್ಲಿ ‘ಅನಂತನಾಥ ಪುರಾಣ’ವನ್ನು ಬರೆದ. ಅದರಲ್ಲಿ ಬರುವ ಚಂಡಶಾಸನ ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದು, ಅವನ ಹೆಂಡತಿ ಸುನಂದೆಗೆ ಮನಸೋತು, ಆಕೆಯನ್ನು ಹೊತ್ತೊಯ್ಯುತ್ತಾನೆ. ಆಕೆ ಒಲಿಯುವುದಿಲ್ಲ. ಬೆದರಿಕೆ, ಬೇಡಿಕೆ ಎರಡೂ ಸೋತಾಗ ಅವನು ಗಂಡನ ಕಡಿದ ತಲೆಯೆಂದು ಮಾಯೆಯ ತಲೆಯೊಂದನ್ನು ತೋರಿಸುತ್ತಾನೆ. ಅದನ್ನು ಕಂಡು ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನ ಆಕೆಯ ಚಿತೆಯನ್ನೇ ಏರಿ ಸಾಯುತ್ತಾನೆ.

ಚಂಡಶಾಸನನ ಬಗ್ಗೆ ಓದುಗರಿಗೆ ಮರುಕ ಹುಟ್ಟುವುದು ಸುಳ್ಳಲ್ಲ. ಕನ್ನಡ ವಿಮರ್ಶೆ ಅವನನ್ನು ದುರಂತ ನಾಯಕನಾಗಿಯೂ ಓದಿದೆ. ಆದರೆ ಜನ್ನ ಒಂದು ಕೆಲಸ ಮಾಡಲಿಲ್ಲ. ಅಪಹರಿಸಿದವನ ಪ್ರೀತಿ ದೊಡ್ಡದೆಂದು ತೋರಿಸಲು ಸುನಂದೆಯ ‘ಒಲ್ಲೆ’ಯನ್ನು ‘ಒಪ್ಪಿದೆ’ ಎಂದು ತಿದ್ದಲಿಲ್ಲ. ಅವನ ಸಂಕಟವೂ ಉಳಿಯಿತು, ಆಕೆಯ ನಿರಾಕರಣೆಯೂ ಉಳಿಯಿತು. ‘ಓಂ’ ಮತ್ತು ‘ಲೆ ವಾಲ್ಸೂಜ್’ ಎರಡೂ ತಪ್ಪಿದ್ದು ಇಲ್ಲಿ. ಎರಡರಲ್ಲೂ ಪುಂಡನಿಗೆ ಮಾತಿದೆ, ಹಿನ್ನೆಲೆಯಿದೆ, ಸಂಗೀತವಿದೆ. ಪೀಡೆಗೊಳಗಾದವಳು ಮಾತ್ರ ಅವನ ಕಥೆಗೆ ಬೇಕಾದಂತೆ ಒಲಿಯಬೇಕು.

ಕನ್ನಡ ಚಿತ್ರರಂಗ ನಂತರ ಬೇರೆ ದಾರಿಯನ್ನೂ ಹುಡುಕಿದೆ. ಅಗ್ನಿ ಶ್ರೀಧರ್ ಅವರ ಆತ್ಮಕಥನ ‘ದಾದಾಗಿರಿಯ ದಿನಗಳು’ ಆಧರಿಸಿ ಕೆ.ಎಂ. ಚೈತನ್ಯ 2007ರಲ್ಲಿ ನಿರ್ದೇಶಿಸಿದ ‘ಆ ದಿನಗಳು’ ಅದೇ ಭೂಗತ ಲೋಕವನ್ನು ತಣ್ಣಗಿನ ದನಿಯಲ್ಲಿ ತೋರಿಸಿತು. ಅಲ್ಲಿ ಮಚ್ಚಿಗಿಂತ ಭಯಕ್ಕೇ ಹೆಚ್ಚು ಜಾಗ.

ಈಗ ಗಂಡಸಿಯ ಹುಡುಗ ಸಿನಿಮಾ ನೋಡಲು ಬಸ್ಸು ಹತ್ತಬೇಕಿಲ್ಲ. ‘ಓಂ’ ಚಿತ್ರದ ತುಣುಕುಗಳು ಅವನ ಮೊಬೈಲಿಗೇ ಬರುತ್ತವೆ. ಆ ತುಣುಕುಗಳಲ್ಲಿ ಹೆಚ್ಚಾಗಿ ಇರುವುದು ಲಾಂಗು ಮತ್ತು ಬೆದರಿಕೆಯ ಪ್ರೇಮ; ಕೊನೆಯ ಹತ್ತು ನಿಮಿಷದ ಪಶ್ಚಾತ್ತಾಪವನ್ನು ಕತ್ತರಿಸಿ ಹಂಚುವವರು ಕಡಿಮೆ. ಚಿತ್ರವನ್ನು ಇಡಿಯಾಗಿ ನೋಡಿ ಜಗಳವಾಡಿದ 1995ರ ಪ್ರೇಕ್ಷಕರಿಗೆ ಎರಡೂ ಕಡೆಯ ವಾದ ತಿಳಿದಿತ್ತು. ಆ ಜಗಳ ಇವತ್ತಿಗೂ ನಡೆಯಬೇಕಾಗಿರುವುದು ಅದಕ್ಕೇ.