ಎದೆಗೊಂದು ಚೀಟಿ, ತಲೆಗೊಂದು ಚೀಟಿ

ಅರೆಕೆರೆಯ ಒಂದು ಅಡ್ಡರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಒಬ್ಬರು ಕಳೆದ ಚಳಿಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಷಟರ್ ಎತ್ತಿ, ದೀಪ ಹಾಕಿ, ಉದ್ರಿ ಪುಸ್ತಕ ತೆಗೆದು ಪುಟಪುಟಕ್ಕೂ ಅಡ್ಡಗೀಟು ಎಳೆದುಬಿಟ್ಟರು. ಬೀದಿಯವರ ಸಾಲವೆಲ್ಲ ಮನ್ನಾ! ಬೆಳಿಗ್ಗೆ ಹಾಲಿಗೆ ಬಂದವರಿಗೆ ಸಕ್ಕರೆ, ಎಣ್ಣೆ ಪುಕ್ಕಟೆ ಹೋಯಿತು. ತಗೊಂಡವರು ತಗೊಂಡರು. ‘ಯಾಕಣ್ಣ, ಹುಷಾರಿಲ್ವಾ?’ ಅಂತ ಒಬ್ಬರೂ ಕೇಳಲಿಲ್ಲ. ಉದ್ರಿ ಪುಸ್ತಕ ಅಂದ್ರೆ ಏನು ಅಂತ ಅಂಗಡಿ ಇಟ್ಟವರಿಗೆ ನಾನು ಹೇಳಬೇಕಾಗಿಲ್ಲ.

ಹೆಸರು ಬರೀಬೇಡಿ ಅಂದರು, ಬರೆಯುವುದಿಲ್ಲ. ಆದರೆ ಸಂಗತಿ ಬರೀರಿ, ಇನ್ನೊಬ್ಬರಿಗೆ ಹೀಗಾಗಬಾರದು ಅಂದದ್ದೂ ಅವರೇ.

ಇದು ಶುರುವಾದದ್ದು ತಲೆಯಿಂದ ಅಲ್ಲ, ಎದೆಯಿಂದ. ಅವರಿಗೆ ಚಿಕ್ಕಂದಿನಿಂದ ಉಬ್ಬಸ. ಬನ್ನೇರುಘಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ಮೆಟ್ರೋ ಕೆಲಸ ನಡೆದಾಗ ಎದ್ದ ಧೂಳು ಕುಡಿದವರಿಗೆ ಉಬ್ಬಸದವರ ಪಾಡು ಗೊತ್ತು. ಜನವರಿಯಲ್ಲಿ ನೆಗಡಿ ಬಂತು, ಎದೆಗೆ ಇಳಿಯಿತು, ಜ್ವರ, ಹಳದಿ ಕಫ. ಮೂರು ವಾರವಾದರೂ ಬಿಡಲಿಲ್ಲ. ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. ಆಂಟಿಬಯಾಟಿಕ್ ಬಂತು, ಉಬ್ಬಸಕ್ಕೆ ಡೆರಿಫಿಲಿನ್ ಬಂತು, ಜೊತೆಗೆ ಸಣ್ಣ ಬಿಳಿ ಮಾತ್ರೆ ಪ್ರೆಡ್ನಿಸೊಲೋನ್. ಎಲ್ಲವೂ ದಿನಾ ಬರೆಯುವ ಔಷಧಿಗಳೇ. ಡಾಕ್ಟರು ಕೇಳಬೇಕಾದ್ದನ್ನೂ ಕೇಳಿದರು: ‘ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?’

‘ಇಲ್ಲ ಸಾರ್’ ಅಂದರು ಇವರು.

ಹನ್ನೊಂದು ವರ್ಷದಿಂದ ಲಿಥಿಯಂ ತಗೋತಿದ್ದ ಮನುಷ್ಯ ಹೀಗೆ ಯಾಕೆ ಹೇಳಿದರು? ಬಾಗಿಲು ತೆರೆದೇ ಇತ್ತು, ಆಚೆ ಬೆಂಚಿನ ಮೇಲೆ ಅವರದೇ ಗಿರಾಕಿ ಕೂತಿದ್ದರು. ಅಷ್ಟೇ ಕಾರಣ.

ಉಪ್ಪಿನ ಲೆಕ್ಕ

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ರಸಾಯನಶಾಸ್ತ್ರ ಅಷ್ಟಕ್ಕಷ್ಟೆ. ಆದರೂ ಇದು ಅರ್ಥವಾಗುವಂಥದ್ದು. ಲಿಥಿಯಂ ಅಂದ್ರೆ ಒಂದು ಬಗೆಯ ಉಪ್ಪು. ಮನಸ್ಸು ಒಮ್ಮೆ ಮೇಲೆ ಹಾರಿ ಒಮ್ಮೆ ಪಾತಾಳಕ್ಕೆ ಇಳಿಯುವ ಬೈಪೋಲಾರ್ ಕಾಯಿಲೆಯವರಿಗೆ ಅದು ಕೆಲಸಕ್ಕೆ ಬರುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ತೋರಿಸಿಕೊಟ್ಟರು. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಕಡಿಮೆಯಾದರೆ ಕಾಯಿಲೆ ಮರಳುತ್ತದೆ, ಜಾಸ್ತಿಯಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ.

ಡೆರಿಫಿಲಿನ್‌ನಲ್ಲಿರುವುದು ಥಿಯೋಫಿಲಿನ್ ಮತ್ತು ಅದರ ಬಂಧು. ಕಾಫಿಯಲ್ಲಿರುವ ಕೆಫೀನ್‌ನ ದಾಯಾದಿ ಅನ್ನಿ. ಶ್ವಾಸನಾಳವನ್ನು ಸಡಿಲಿಸುತ್ತದೆ, ನಿಜ. ಆದರೆ ಮೂತ್ರಪಿಂಡ ಲಿಥಿಯಂ ಅನ್ನು ಹೆಚ್ಚು ಹೆಚ್ಚು ಹೊರಗೆ ತಳ್ಳುವಂತೆಯೂ ಮಾಡುತ್ತದೆ. ಮಾತ್ರೆ ತಪ್ಪದೆ ನುಂಗುತ್ತಿದ್ದರೂ ರಕ್ತದಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಅದರ ಮೇಲೆ ಪ್ರೆಡ್ನಿಸೊಲೋನ್. ಅದು ಸ್ಟೀರಾಯ್ಡ್. ಉಬ್ಬಸ ಕೆರಳಿದಾಗ ಜೀವ ಉಳಿಸುವ ಮದ್ದು, ಆದರೆ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ತಲೆಗೆ ಅಮಲು ಏರಿಸುತ್ತದೆ. ಒಂದು ಕಡೆ ಬೇಲಿ ಕಿತ್ತರು, ಇನ್ನೊಂದು ಕಡೆ ಗೂಳಿ ಬಿಟ್ಟರು.

‘ನಮ್ಮ ಯಜಮಾನ್ರು ಐದು ರಾತ್ರಿ ಮಲಗಲಿಲ್ಲ ಸಾರ್. ಕೆಮ್ಮಿಗೆ ನಿದ್ದೆ ಬರ್ತಿಲ್ಲ ಅಂದ್ಕೊಂಡೆ’ ಎಂದರು ಅವರ ಮನೆಯವರು. ಪಕ್ಕದವರು ಗಾಳಿ ಸೋಕಿದೆ, ದಾರ ಕಟ್ಟಿಸಿ ಅಂದರಂತೆ. ಆ ತಾಯಿ ಮಾಡಿದ್ದೇ ಬೇರೆ. ಗಲ್ಲಾಪೆಟ್ಟಿಗೆ ಕೆಳಗೆ ಬಚ್ಚಿಟ್ಟಿದ್ದ ಲಿಥಿಯಂ ಪಟ್ಟಿ, ಕಪಾಟಿನಲ್ಲಿದ್ದ ಎದೆಯ ಮಾತ್ರೆ, ಪಂಪು, ಕೆಮ್ಮಿನ ಸಿರಪ್ಪು ಎಲ್ಲ ಒಂದು ಚೀಲಕ್ಕೆ ಸುರಿದುಕೊಂಡು ಗಂಡನನ್ನು ಆಟೋ ಹತ್ತಿಸಿ, ಮನೋರೋಗ ವೈದ್ಯರ ಮೇಜಿನ ಮೇಲೆ ಹರವಿದರು. ಅದನ್ನು ನೋಡಿದ ಮೇಲೆ ಡಾಕ್ಟರಿಗೆ ಹೆಚ್ಚು ಪ್ರಶ್ನೆ ಕೇಳುವುದೇ ಉಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಲಿಥಿಯಂ ತೀರಾ ಕೆಳಗಿತ್ತು.

ಲಿಥಿಯಂ ಜಾಸ್ತಿ ಮಾಡಲಿಲ್ಲ. ಡೆರಿಫಿಲಿನ್ ನಿಂತ ಮೇಲೆ ಅದು ತಾನೇ ಮೇಲೇರುತ್ತದಲ್ಲ! ಎದೆಯ ಡಾಕ್ಟರ ಜೊತೆ ಮಾತಾಡಿ ಡೆರಿಫಿಲಿನ್ ಬಿಡಿಸಿ ಪಂಪಿಗೆ ಹಾಕಿದರು, ಸ್ಟೀರಾಯ್ಡ್ ಮಾತ್ರೆ ಮುಗಿಸುವ ದಾರಿ ಹೇಳಿದರು, ನಿದ್ದೆಗೆ ಬೇರೆ ಔಷಧಿ ಕೊಟ್ಟರು, ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು.

ಗೋಡೆ ಯಾರು ಕಟ್ಟಿದ್ದು?

ಹೊಸೂರು ರಸ್ತೆ ಬದಿಯಲ್ಲಿ ನಿಮ್ಹಾನ್ಸ್ ಇದೆ. ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಆದದ್ದು. ಅದರ ನೆರೆಯಲ್ಲೇ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಹಳಬರ ಬಾಯಲ್ಲಿ ಇನ್ನೂ ಟಿ.ಬಿ. ಆಸ್ಪತ್ರೆ. ತಲೆಗೂ ಎದೆಗೂ ನಡೆದು ಹೋಗುವಷ್ಟೇ ದೂರ. ದೂರ ಮಾಡಿಕೊಂಡಿರುವವರು ನಾವು. ಟಿ.ಬಿ. ಆಸ್ಪತ್ರೆಗೆ ಹೋಗಿಬಂದೆ ಅಂತ ಹೇಗೋ ಹೇಳುತ್ತೇವೆ, ನಿಮ್ಹಾನ್ಸ್‌ಗೆ ಹೋಗಿಬಂದೆ ಅನ್ನಲು ಬಾಯಿ ಬರುವುದಿಲ್ಲ.

ಹಾಗೆ ನೋಡಿದರೆ ಮನಸ್ಸಿನ ಮಾತ್ರೆ ಹುಟ್ಟಿದ್ದೇ ಎದೆಯ ವಾರ್ಡಿನಲ್ಲಿ! 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಎಂಬ ಹೊಸ ಮದ್ದು ಕೊಟ್ಟಾಗ, ಕೈಚೆಲ್ಲಿ ಮಲಗಿದ್ದವರು ಎದ್ದು ನಗಲು ತೊಡಗಿದರು. ಖಿನ್ನತೆಗೆಂದು ಬಂದ ಮೊದಮೊದಲ ಔಷಧಿಗಳಲ್ಲಿ ಅದೂ ಒಂದು. ಆಮೇಲೆ ಯಕೃತ್ತಿಗೆ ಕೇಡು ಎಂದು ಹಿಂದಕ್ಕೆ ಪಡೆದರು, ಆ ಮಾತು ಬೇರೆ.

ಲಿಥಿಯಂ ಒಂದೇ ಅಲ್ಲ. ಎದೆ ಡವಡವ, ಕೈ ನಡುಕ ಅಂದವರಿಗೆ ಪ್ರೊಪ್ರನೊಲಾಲ್ ಕೊಡುವುದುಂಟು. ಉಬ್ಬಸದವರು ಅದನ್ನು ಮುಟ್ಟಬಾರದು, ಶ್ವಾಸನಾಳ ಬಿಗಿದುಬಿಡುತ್ತದೆ. ಉಬ್ಬಸದ ಸಾಲ್ಬುಟಮಾಲ್‌ನಿಂದಲೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದನ್ನೇ ‘ಗಾಬರಿ ಕಾಯಿಲೆ’ ಎಂದುಕೊಂಡು ಇನ್ನೊಂದು ಮಾತ್ರೆ ಬರೆಸಿಕೊಂಡವರಿದ್ದಾರೆ. ಕೆಮ್ಮಿ ಕೆಮ್ಮಿ ಪಕ್ಕೆ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೇಳಿ ತಗೋತೀವಲ್ಲ, ಅವು ಲಿಥಿಯಂ ಅನ್ನು ಏರಿಸುತ್ತವೆ, ಕೆಲವರಿಗೆ ಉಬ್ಬಸವನ್ನೂ ಕೆರಳಿಸುತ್ತವೆ. ದಮ್ಮು ಹತ್ತಿರುವಾಗ ನಿದ್ದೆ ಮಾತ್ರೆ ತಾವಾಗೇ ನುಂಗಿದರೆ ಉಸಿರೇ ಮಂದವಾಗಬಹುದು.

ಇದನ್ನೋದಿ ಗಾಬರಿಯಾಗಿ ತಲೆಯ ಮಾತ್ರೆ ನಿಲ್ಲಿಸೀರಿ ಮತ್ತೆ! ಅದು ಇದಕ್ಕಿಂತ ದೊಡ್ಡ ಅನಾಹುತ. ಚೀಟಿಯನ್ನು ಚೀಟಿಯ ಪಕ್ಕ ಇಡಿ ಅಂತಷ್ಟೇ ನಾನು ಹೇಳುವುದು. ಗಿರಾಕಿ ಮುಂದೆ ಬಾಯಿ ಬರದಿದ್ದರೆ ಕಾಗದದಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಕ್ಲಿನಿಕ್ಕಿನವರೂ ಆ ಬಾಗಿಲನ್ನು ಎರಡು ನಿಮಿಷ ಮುಚ್ಚಬಾರದೆ? ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್ ಇದೆ. ನಂಬರು 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಹೋದ ದಿನ ಆ ಅಂಗಡಿಯವರು ಗಲ್ಲಾದ ಮೇಲೆ ಕೂತಿದ್ದರು. ಕೆಮ್ಮು ಪೂರ್ತಿ ಹೋಗಿಲ್ಲ. ಸೋಂಕು ಕಳೆದ ಮೇಲೂ ಉಬ್ಬಸದವರಿಗೆ ಅದು ವಾರಗಟ್ಟಲೆ ಎಳೆಯುತ್ತದೆ, ಅದಕ್ಕೆ ಮತ್ತೆ ಮತ್ತೆ ಆಂಟಿಬಯಾಟಿಕ್ ಬೇಡ ಅಂದಿದ್ದಾರಂತೆ. ಪಂಪನ್ನು ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ಬೆಳಿಗ್ಗೆ ಸಂಜೆ ಎಳೆಯುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ. ‘ಒಂದ್ಸಲ ಪಂಪು ಹಿಡಿದ್ರೆ ಬಿಡಕ್ಕಾಗಲ್ಲ ಅಂತ ಹೆದರಿಸಿದ್ರು. ಬಿಡೋದ್ಯಾಕೆ, ಉಸಿರು ಬರ್ತಿದೆಯಲ್ಲ’ ಅಂದರು. ಎರಡೂ ಆಸ್ಪತ್ರೆಯ ಚೀಟಿ ಈಗ ಒಂದೇ ಕವರಿನಲ್ಲಿವೆ. ಮಾತ್ರೆಗಳ ಪಟ್ಟಿಯನ್ನು ಮಗಳು ದಪ್ಪಕ್ಷರದಲ್ಲಿ ಬರೆದು ಹೊಸ ಉದ್ರಿ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದಾಳೆ.

ಹಳೆ ಪುಸ್ತಕದ ಬಾಕಿ ಏನಾಯ್ತು ಅಂತ ಕೇಳಿದೆ. ಏಳು ಜನ ತಾವಾಗೇ ಬಂದು ಕಟ್ಟಿದ್ದಾರೆ. ಉಳಿದವರು ಈಗ ಮುಂದಿನ ಕ್ರಾಸಿನ ಅಂಗಡಿಗೆ ಹೋಗುತ್ತಾರಂತೆ.