ಮುಯ್ಯಾಳು: ಅಮ್ಮ ಬಾಯಲ್ಲೇ ಇಟ್ಟ ಲೆಕ್ಕ

ಇವತ್ತು ನಮ್ಮ ಸೊರಬ, ಶಿಕಾರಿಪುರ ಕಡೆಯ ಮುಯ್ಯಾಳು ಬಗ್ಗೆ ಮಾತಾಡೋಣ.

ಜುಲೈ, ಆಗಸ್ಟ್‌ನಲ್ಲಿ ಭತ್ತದ ನಟ್ಟಿ. ಮಡಿಯಲ್ಲೇ ಸಸಿ ಬಲಿತುಬಿಟ್ರೆ ಇಳುವರಿ ಕಡಿಮೆ. ಬೇಗ ಮುಗಿಸಬೇಕು, ಆದ್ರೆ ಎರಡೆಕರೆಯವರ ಮನೇಲಿ ಅಷ್ಟು ಜನ ಎಲ್ಲಿ? ಅದಕ್ಕೇ ನಮ್ಮಮ್ಮ ನಿಮ್ಮ ಗದ್ದೆಗೆ ಎರಡು ದಿನ ಬಂದ್ರೆ, ನಿಮ್ಮನೆಯವರು ನಮ್ಮ ಗದ್ದೆಗೆ ಎರಡು ದಿನ ಬರ್ತಾರೆ. ಕೂಲಿ ಇಲ್ಲ, ಊಟ ಗದ್ದೆಯವರದ್ದು. ಬಿ.ಕಾಂ. ಭಾಷೆಯಲ್ಲಿ ಬಡ್ಡಿಯಿಲ್ಲದ ಸಾಲ. ಯಾರಿಗೆ ಎಷ್ಟು ಆಳು ಬಾಕಿ ಅನ್ನೋದು ಅಮ್ಮನಿಗೆ ಬಾಯಿಪಾಠ. ನನಗೆ ಎಕ್ಸೆಲ್ ಬೇಕು!

ಈಗ ಗದ್ದೆಗಳು ಅಡಿಕೆ ತೋಟ ಆಗ್ತಿವೆ. ಶಿಕಾರಿಪುರದ ಕಡೆ ಮೆಕ್ಕೆಜೋಳವೂ ಇದೆ. ಅಡಿಕೆಗೆ ದುಡ್ಡಿದೆ, ಹಾಕಿದ್ದು ತಪ್ಪು ಅನ್ನಲ್ಲ. ಆದ್ರೆ ತೋಟದವರಿಗೆ ನಟ್ಟಿಯೇ ಇಲ್ಲ, ಮುಯ್ಯಿ ಯಾಕೆ ಬೇಕು? ಉಳಿದ ಗದ್ದೆಯವರು ಕೂಲಿಗೇ ಕರೀಬೇಕು. ಕೂಲಿ ಕೊಡಬೇಕಾದ್ದು ಮಳೆಗಾಲದಲ್ಲಿ, ಭತ್ತದ ದುಡ್ಡು ಬರೋದು ಸುಗ್ಗಿ ಮುಗಿದ ಮೇಲೆ. ನಡುವೆ ಕೈಸಾಲ, ಇಲ್ಲಾಂದ್ರೆ ಒಡವೆ ಅಡ.

ಈ ವರ್ಷ ನಮ್ಮ ಪಕ್ಕದ ಗದ್ದೆಯಲ್ಲೂ ಅಡಿಕೆ ಸಸಿ ನೆಟ್ರು. ಅಮ್ಮ ಅವರಿಗೆ ಎರಡು ಆಳು ಕೊಡೋದು ಬಾಕಿ ಇತ್ತು. ಅಡಿಕೆ ಸುಲಿಯೋಕೆ ಬಂದು ತೀರಿಸ್ತೀನಿ ಅಂದಿದ್ದಾರೆ. ಆ ಗಿಡ ಫಸಲು ಕೊಡೋಕೆ ಇನ್ನೂ ಐದಾರು ವರ್ಷ.