ಎನ್‌ಕೋಡರ್ ಅಲಾರಂ ಬಂದರೆ ಸರ್ವೋ ಮೋಟರ್ ಬಿಚ್ಚಿ ಥಿನ್ನರ್‌ನಿಂದ ಒರೆಸಬಹುದೇ?

ಸಿಎನ್‌ಸಿ ರೌಟರ್ ಜರ್ಕ್ ಹೊಡೆಯುತ್ತಿದ್ದರೆ, ಡ್ರೈವ್‌ನಲ್ಲಿ ಎನ್‌ಕೋಡರ್ ಅಲಾರಂ ಬರುತ್ತಿದ್ದರೆ, ಮೋಟರಿನ ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಬಿಲ್ಲೆಯನ್ನು ಥಿನ್ನರ್‌ನಿಂದ ಒರೆಸಿ ಎಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿರುತ್ತದೆ. ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ನಿಲ್ಲಿ. ಈ ಸಲಹೆಯಿಂದ ಸರಿಯಿದ್ದ ಮೋಟರ್ ಕೆಡಬಹುದು, ಬೆರಳಿಗೂ ಪೆಟ್ಟಾಗಬಹುದು.

ಎನ್‌ಕೋಡರ್ ಎಂದರೇನು? ರಬಕವಿ-ಬನಹಟ್ಟಿಯವರಿಗೆ ಹೇಳುವುದು ಸುಲಭ. ಮಗ್ಗದ ಮೇಲಿನ ಜಕಾರ್ಡ್ ರಟ್ಟನ್ನು ನೆನಪಿಸಿಕೊಳ್ಳಿ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಎನ್‌ಕೋಡರ್‌ನಲ್ಲಿ ರಟ್ಟಿನ ಬದಲು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆ, ತೂತಿನ ಬದಲು ಕೂದಲಿಗಿಂತ ಸೂಕ್ಷ್ಮವಾದ ಗೆರೆಗಳು. ಒಂದು ಕಡೆ ಎಲ್‌ಇಡಿ ಬೆಳಕು, ಇನ್ನೊಂದು ಕಡೆ ಎ ಮತ್ತು ಬಿ ಎಂಬ ಎರಡು ಸಂವೇದಕ. ಯಾವುದು ಮೊದಲು ಬೆಳಕು ಕಂಡಿತು ಎಂಬುದರಿಂದ ಮೋಟರ್ ಎತ್ತ ತಿರುಗಿತೆಂದು ಡ್ರೈವ್‌ಗೆ ಗೊತ್ತಾಗುತ್ತದೆ. 2,500 ಗೆರೆಗಳ ಬಿಲ್ಲೆಯಿಂದ ಒಂದು ಸುತ್ತಿಗೆ 10,000 ಎಣಿಕೆ ಸಿಗುತ್ತದೆ. ಸುತ್ತಿಗೆ 5 ಮಿ.ಮೀ. ಸಾಗುವ ಬಾಲ್ ಸ್ಕ್ರೂ ಇದ್ದರೆ ಒಂದು ಎಣಿಕೆ ಎಂದರೆ 0.0005 ಮಿ.ಮೀ. ಅಷ್ಟು ನಯವಾದ ಗೆರೆಗಳ ಮೇಲೆ ಬೆರಳಿನ ಗುರುತು ಬಿದ್ದರೂ ಎಣಿಕೆ ತಪ್ಪುತ್ತದೆ. ಪ್ಲಾಸ್ಟಿಕ್ ಬಿಲ್ಲೆಯಾದರೆ ಥಿನ್ನರ್ ಅದನ್ನೇ ಹಾಳು ಮಾಡಬಹುದು. ಇನ್ನು ಎಷ್ಟೋ ಎನ್‌ಕೋಡರ್‌ಗಳು ಅಯಸ್ಕಾಂತದಿಂದ ಕೆಲಸ ಮಾಡುತ್ತವೆ, ಅವುಗಳಲ್ಲಿ ಒರೆಸಲು ಬಿಲ್ಲೆಯೇ ಇರುವುದಿಲ್ಲ!

ದೊಡ್ಡ ಅಪಾಯ ಬೇರೆಯೇ ಇದೆ. ಮೋಟರಿನೊಳಗಿನ ಅಯಸ್ಕಾಂತ ಈಗ ಯಾವ ಕೋನದಲ್ಲಿದೆ ಎಂದು ಡ್ರೈವ್ ತಿಳಿಯುವುದೂ ಎನ್‌ಕೋಡರ್‌ನಿಂದಲೇ. ಅದರ ಸ್ಕ್ರೂ ಸಡಿಲಿಸಿ ಸ್ವಲ್ಪ ಹೊರಳಿಸಿದರೂ ಕಾರ್ಖಾನೆಯಲ್ಲಿ ಕೂಡಿಸಿದ್ದ ಹೊಂದಿಕೆ ತಪ್ಪುತ್ತದೆ. ಆಮೇಲೆ ಮೋಟರ್ ಬಲ ಕಳೆದುಕೊಳ್ಳಬಹುದು, ವಿಪರೀತ ಬಿಸಿಯಾಗಬಹುದು, ಇಲ್ಲವೇ ಹಿಡಿತ ತಪ್ಪಿ ಪೂರ್ತಿ ವೇಗದಲ್ಲಿ ಓಡಬಹುದು. ಎ ಮತ್ತು ಬಿ ತಂತಿ ಅದಲುಬದಲು ಮಾಡಿ ನೋಡಿ ಎಂಬ ಸಲಹೆಯೂ ಇದೇ ಜಾತಿಯದು.

ಹಾಗಾದರೆ ಏನು ಮಾಡಬೇಕು? ಬಿಚ್ಚದೆಯೇ ಪತ್ತೆ ಹಚ್ಚಬಹುದು. ಸ್ಪಿಂಡಲ್ ನಿಲ್ಲಿಸಿ, ಡ್ರೈವ್‌ಗೆ ಕರೆಂಟ್ ಇರಲಿ, ಸರ್ವೋ ಮಾತ್ರ ಆಫ್ ಮಾಡಿ. ಮೇಲೆ-ಕೆಳಗೆ ಚಲಿಸುವ ಅಕ್ಷವಾದರೆ ಅದು ಕುಸಿದು ಬೀಳಬಹುದು, ಮೊದಲೇ ಕೆಳಗೆ ಮರದ ತುಂಡು ಕೊಡಿ. ಈಗ ಶಾಫ್ಟನ್ನು ಕೈಯಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿ ಡ್ರೈವ್‌ನ ಎಣಿಕೆ ನೋಡಿ. ಮೇಲಿನ ಲೆಕ್ಕದಂತೆ 10,000ದ ಆಸುಪಾಸು ಬರಬೇಕು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಎಣಿಕೆ ತಪ್ಪಿದರೆ ಬಿಲ್ಲೆಯ ಮೇಲೆ ಅನುಮಾನ. ಎಲ್ಲೆಂದರಲ್ಲಿ ತಪ್ಪಿದರೆ, ಅಥವಾ ಕೇಬಲ್ ಅಲುಗಾಡಿಸಿದಾಗ ಮಾತ್ರ ತಪ್ಪಿದರೆ, ದೋಷ ತಂತಿಯಲ್ಲಿ ಅಥವಾ ಕನೆಕ್ಟರ್‌ನಲ್ಲಿ. ನಮ್ಮ ಸಲಹೆ: ಮೋಟರಿಗೆ ಕೈ ಹಾಕುವ ಮೊದಲು ಕೇಬಲ್ ನೋಡಿ. ದಿನವಿಡೀ ಬಾಗಿ ಬಾಗಿ ಸವೆಯುವುದು ಅದೇ.

ಅಲಾರಂ ಇಲ್ಲದೆಯೇ ಕೆತ್ತನೆ ಜರುಗುತ್ತಿದೆಯೇ? ಮೋಟರ್ ಶಾಫ್ಟ್ ಮತ್ತು ಕಪ್ಲಿಂಗ್ ಮೇಲೆ ಮಾರ್ಕರ್ ಗೆರೆ ಎಳೆಯಿರಿ. ಟೇಬಲನ್ನು 50 ಸಲ ಹಿಂದೆ-ಮುಂದೆ ಓಡಿಸಿ, ಹೊರಟ ಜಾಗಕ್ಕೇ ತನ್ನಿ. ಶಾಫ್ಟಿನ ಗೆರೆ ಸರಿಯಿದ್ದು ಟೇಬಲ್ ಜರುಗಿದ್ದರೆ ಕಪ್ಲಿಂಗ್ ಸಡಿಲ. ಅದಕ್ಕೆ ಪುಟ್ಟ ಸ್ಕ್ರೂ ಬಿಗಿ ಮಾಡಿದರೆ ಸಾಕಾಗಬಹುದು. ಡ್ರೈವ್‌ನ ಎಣಿಕೆ ಮೊದಲಿನಷ್ಟೇ ತೋರಿಸಿ ಶಾಫ್ಟಿನ ಗೆರೆ ಜರುಗಿದ್ದರೆ ಎನ್‌ಕೋಡರ್ ಎಣಿಕೆ ಕಳೆದುಹೋಗುತ್ತಿದೆ. ಎಣಿಕೆಯೂ ಗೆರೆಯೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಕಂಟ್ರೋಲರ್‌ನಿಂದ ಡ್ರೈವ್‌ಗೆ ಬರುವ ಪಲ್ಸ್‌ಗಳೇ ಸರಿಯಾಗಿ ತಲುಪುತ್ತಿಲ್ಲ, ಮೋಟರಿನದೇನೂ ತಪ್ಪಿಲ್ಲ.

ಇದೇ ಪರೀಕ್ಷೆಯನ್ನು ಸ್ಪಿಂಡಲ್ ಹಚ್ಚಿ ಒಮ್ಮೆ, ಆರಿಸಿ ಒಮ್ಮೆ ಮಾಡಿ. ಹಚ್ಚಿದಾಗ ಮಾತ್ರ ತೊಂದರೆ ಬಂದರೆ ಸ್ಪಿಂಡಲಿನ ವಿಎಫ್‌ಡಿಯಿಂದ ವಿದ್ಯುತ್ ಗದ್ದಲ ಎನ್‌ಕೋಡರ್ ತಂತಿಗೆ ಹತ್ತುತ್ತಿರಬಹುದು. ಎರಡೂ ಕೇಬಲ್ ದೂರ ದೂರ ಎಳೆಯಿರಿ, ಜಾಲರಿ ಹೊದಿಕೆಯ ಕೇಬಲ್ ಬಳಸಿ, ಅರ್ಥಿಂಗ್ ಸರಿಪಡಿಸಿ. ಅರ್ಥಿಂಗ್ ಇಲ್ಲವೆಂದು ಯಂತ್ರದ ಮೈಯನ್ನು ನ್ಯೂಟ್ರಲ್‌ಗೆ ಜೋಡಿಸುವವರಿದ್ದಾರೆ. ಹೊರಗೆ ನ್ಯೂಟ್ರಲ್ ಕಡಿದರೆ ಇಡೀ ಯಂತ್ರಕ್ಕೆ ಕರೆಂಟ್ ಬರುತ್ತದೆ. ಎಂದಿಗೂ ಮಾಡಬೇಡಿ.

ಒಂದೇ ಲೈನಿನಲ್ಲಿ ಹಲವು ಪವರ್‌ಲೂಮ್ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿದಾಗ ಬರುವ ಅಲಾರಂ ಬೇರೆ. ಅದರ ಸಂಖ್ಯೆಯೂ ಬೇರೆ, ಡ್ರೈವ್‌ನ ಕೈಪಿಡಿಯಲ್ಲಿ ಇರುತ್ತದೆ.

ಇನ್ನು ಕೆಲವು ಮಾತು. ಕಪ್ಲಿಂಗ್ ಕೂಡಿಸುವಾಗ ಶಾಫ್ಟಿಗೆ ಸುತ್ತಿಗೆಯಿಂದ ಹೊಡೆಯಬೇಡಿ, ಆ ಪೆಟ್ಟಿಗೆ ಹಿಂದಿನ ಗಾಜಿನ ಬಿಲ್ಲೆ ಸೀಳಬಹುದು. ಮೋಟರ್ ಸುರುಳಿ ಪರೀಕ್ಷಿಸಲು ಮೆಗ್ಗರ್ ಬಳಸಿದರೆ ಎನ್‌ಕೋಡರ್ ತಂತಿಗೆ ತಾಗಿಸಬೇಡಿ, 500 ವೋಲ್ಟ್ ತಾಗಿದರೆ ಅದು ಸುಟ್ಟುಹೋಗುತ್ತದೆ. 230 ವೋಲ್ಟ್ ಡ್ರೈವ್‌ನ ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಇರುತ್ತದೆ. ಸ್ವಿಚ್ ಆರಿಸಿದ ತಕ್ಷಣ ಅದು ಹೋಗುವುದಿಲ್ಲ. ಚಾರ್ಜ್ ದೀಪ ಆರುವವರೆಗೆ, ಕೈಪಿಡಿ ಹೇಳಿದಷ್ಟು ನಿಮಿಷ ಕಾಯಿರಿ.

ಬಿಲ್ಲೆಯೇ ಹೋಗಿದೆ ಎಂದು ಖಚಿತವಾದರೆ ಮೋಟರನ್ನು ಹಾಗೆಯೇ, ಬಿಚ್ಚದೆ ರಿಪೇರಿಗೆ ಕಳಿಸಿ. ಜೊತೆಗೆ ಅಲಾರಂ ಸಂಖ್ಯೆ ಬರೆದಿಡಿ. ಡ್ರೈವ್ ಕಳಚುವ ಮೊದಲು ಅದರ ಪ್ಯಾರಾಮೀಟರ್‌ಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.